ಗ್ರಾಹಕಗಳ ವೈವಿಧ್ಯವೂ ಆನುವಂಶಿಕ ಪಾಠಾಂತರಗಳೂ

ಪರಿಮಿತವಾದ ಸಾಮಗ್ರಿಯಿಂದ ಅಪರಿಮಿತವಾದ ರೂಪಗಳು ಹೇಗೆ ಸಿದ್ಧಿಸುವುವೆಂಬ ಪ್ರಶ್ನೆಯು ವ್ಯಾಕರಣಶಾಸ್ತ್ರವನ್ನು ಓದಿದವರಿಗೆ ಹೊಸದಲ್ಲ. ಪಾಣಿನಿಯ ಸೂತ್ರಗಳು ಸುಮಾರು ನಾಲ್ಕು ಸಾವಿರ. ಧಾತುಪಾಠದಲ್ಲಿ ಎಣಿಸಿರುವ ಧಾತುಗಳು ಸುಮಾರು ಎರಡು ಸಾವಿರ. ಇಷ್ಟರಿಂದ ಹೊರಡುವ ಪದಗಳಿಗಾದರೋ ಎಣಿಕೆಯೇ ಇಲ್ಲ. ಇದೇ ಪ್ರಶ್ನೆಯು ಮನುಷ್ಯದೇಹದ ರೋಗನಿರೋಧಕ ಶಕ್ತಿಯ ವಿಷಯದಲ್ಲಿ ಎದ್ದು, ಇಪ್ಪತ್ತನೆಯ ಶತಮಾನದ ಬಹುಭಾಗ ವಿದ್ವಾಂಸರನ್ನು ಕಾಡಿತು. ಅದಕ್ಕೆ ಕಡೆಗೆ ದೊರೆತ ಉತ್ತರವು ವೈಯಾಕರಣರ ಉತ್ತರಕ್ಕೆ ಬಹು ಸಮೀಪವಾದುದು. ಆ ಉತ್ತರದಿಂದ ಹುಟ್ಟಿದ ಇನ್ನೊಂದು ತೊಡಕು ಗ್ರಂಥಸಂಪಾದಕರ ತೊಡಕಿಗೆ ಸಮೀಪವಾದುದು. ಈ ಕಾರಣದಿಂದಲೇ ವೈದ್ಯವಿದ್ಯೆಗೆ ಸೇರಿದ ವಿಷಯವೊಂದನ್ನು ಸಾಹಿತ್ಯದ ಅಧ್ಯಾಪಕರು ಓದುವ ಈ ಪತ್ರಿಕೆಯಲ್ಲಿ ಪ್ರಸ್ತಾಪಿಸಲು ಧೈರ್ಯಮಾಡಿದ್ದೇನೆ.

ಮೊದಲು ವಸ್ತುಸ್ಥಿತಿಯನ್ನು ಹೇಳಬೇಕು. ನಮ್ಮ ರಕ್ತದಲ್ಲಿರುವ ಬಿಳಿಯ ಕಣಗಳಲ್ಲಿ ಬಿ ಕಣಗಳು, ಟಿ ಕಣಗಳು ಎಂಬ ಎರಡು ಬಗೆಗಳುಂಟು. ಇವು ಅಸ್ಥಿಮಜ್ಜೆಯಲ್ಲಿ ಹುಟ್ಟುವುವು. ಟಿ ಕಣಗಳು ಮಾತ್ರ ಎದೆಯೊಳಗಿನ ಥೈಮಸ್ ಎಂಬ ಗ್ರಂಥಿಯಲ್ಲಿ ಪಕ್ವವಾಗುವುವು. ಪ್ರತಿಯೊಂದು ಕಣದ ಹೊರಮೈಯಲ್ಲಿಯೂ ಪ್ರೋಟೀನಿನಿಂದಾದ ಗ್ರಾಹಕಗಳಿರುತ್ತವೆ. ಒಂದು ಕಣದ ಗ್ರಾಹಕಗಳೆಲ್ಲವೂ ಸಾಮಾನ್ಯವಾಗಿ ಒಂದೇ ಆಕಾರದವು. ಪಕ್ಕದ ಕಣದವು ಬೇರೆ ಆಕಾರದವು. ಹೊರಗಿನಿಂದ ಬಂದ ಕ್ರಿಮಿಯ ಯಾವುದಾದರೊಂದು ಅವಯವಕ್ಕೆ ಯಾವ ಕಣದ ಗ್ರಾಹಕವು ಹೊಂದುವುದೋ ಆ ಕಣವು ಎಚ್ಚೆತ್ತು ವೃದ್ಧಿಯಾಗುವುದು. ಬಿ ಕಣದ ಗ್ರಾಹಕವೇ ಕಣದಿಂದ ಬಿಡುಗಡೆಯಾಗಿ ರಕ್ತದಲ್ಲಿ ಸಂಚರಿಸಿದಾಗ ಅದಕ್ಕೆ ಪ್ರತಿಕಾಯವೆಂದು ಹೆಸರು. ಮುಂದೆ ಬರುವ ಶತ್ರುವಾವನೆಂದು ದೇಹಕ್ಕೆ ಮೊದಲೇ ತಿಳಿಯದಾದುದರಿಂದ, ಎಲ್ಲ ಬಗೆಯ ಶತ್ರುಗಳಿಗೂ ಹೊಂದುವಷ್ಟು ಬಗೆಯ ಗ್ರಾಹಕಗಳನ್ನು ಅದು ಮುಂಚಿತವಾಗಿಯೇ ಸಿದ್ಧಪಡಿಸಿಟ್ಟಿರಬೇಕು. ಈ ಬಗೆಗಳು ಹತ್ತು ಸಾವಿರ ಕೋಟಿಗೂ ಮೀರಬಲ್ಲವೆಂದು ಗಣಿತವಿದೆ. ಆದರೆ ಪ್ರೋಟೀನುಗಳ ರಚನೆಯನ್ನು ವಿಧಿಸುವ ವಂಶವಾಹಿಗಳಾದರೋ ಮನುಷ್ಯನಲ್ಲಿ ಸುಮಾರು 20,000 ಮಾತ್ರ. ಒಂದೊಂದು ಪ್ರೋಟೀನಿಗೆ ಒಂದೊಂದು ವಂಶವಾಹಿ ಬೇಕೆಂಬ ನಿಯಮವನ್ನು ಹಿಡಿದರೆ ಈ ಲೆಕ್ಕವು ಸರಿಹೋಗುವುದೇ ಇಲ್ಲ.

ಇಲ್ಲಿ ಪೂರ್ವಪಕ್ಷಗಳು ಹಲವು. ರಕ್ತದ ವರ್ಗಗಳನ್ನು ಕಂಡುಹಿಡಿದ ಕಾರ್ಲ್ ಲ್ಯಾಂಡ್‌ಸ್ಟೈನರನು ಪ್ರಕೃತಿಯಲ್ಲಿ ಎಂದೂ ಇಲ್ಲದ, ಪ್ರಯೋಗಶಾಲೆಯಲ್ಲಿ ಮಾತ್ರ ತಯಾರಾದ ರಾಸಾಯನಿಕ ವಸ್ತುಗಳಿಗೂ ಪ್ರಾಣಿಯ ದೇಹವು ತಕ್ಕ ಪ್ರತಿಕಾಯವನ್ನು ಒದಗಿಸುವುದೆಂದು ತೋರಿಸಿಕೊಟ್ಟನು. ಹಾಗಾದರೆ ಪ್ರತಿಕಾಯವು ಮೊದಲೇ ಇದ್ದುದಲ್ಲ, ಶತ್ರುವಸ್ತುವನ್ನೇ ಅಚ್ಚಾಗಿ ಮಾಡಿಕೊಂಡು ಅದರ ಮೈಮೇಲೆ ಎರಕಗೊಂಡುದು ಎಂದು 1940ರಲ್ಲಿ ಲೈನಸ್ ಪೌಲಿಂಗನು ವಾದಿಸಿದನು. ಕೇಳುವುದಕ್ಕೆ ಇದು ಹಿತವಾದ ವಾದವೇ, ನಿಜವಾಗಲಿಲ್ಲ. ಗ್ರಾಹಕಗಳು ಮೊದಲೇ ಇರುವುವು, ಶತ್ರುವು ತನಗೆ ಹೊಂದುವ ಕಣವನ್ನು ಆರಿಸಿ ಬೆಳೆಯಿಸುವುದಷ್ಟೆ ಎಂಬ ಆಯ್ಕೆಯ ಸಿದ್ಧಾಂತವನ್ನು 1957ರಲ್ಲಿ ಆಸ್ಟ್ರೇಲಿಯದ ಮ್ಯಾಕ್‌ಫರ್ಲೇನ್ ಬರ್ನೆಟ್ ಸ್ಥಾಪಿಸಿದನು. ಆದರೂ ಮೂಲದ ಶಂಕೆ ಹಾಗೆಯೇ ಉಳಿಯಿತು: ಮೊದಲೇ ಇರುವುದಾದರೆ ಅಷ್ಟನ್ನೂ ಬರೆದಿಟ್ಟಿರುವುದು ಎಲ್ಲಿ? ತಂದೆತಾಯಿಗಳಿಂದ ಎಲ್ಲವೂ ಸಿದ್ಧವಾಗಿ ಬರುವುದೆಂದು ಕೆಲವರು. ಬರುವುದು ಅಲ್ಪವೇ, ಉಳಿದುದು ಈ ದೇಹದಲ್ಲಿಯೇ ಸಂಪಾದಿತವೆಂದು ಕೆಲವರು. 1965ರಲ್ಲಿ ಡ್ರೇಯರ್ ಮತ್ತು ಬೆನೆಟ್ ಎಂಬವರು ಒಂದೇ ಪ್ರೋಟೀನಿನ ಸರಪಣಿಯನ್ನು ಎರಡು ಬೇರೆ ಬೇರೆ ವಂಶವಾಹಿಗಳು ಕೂಡಿ ವಿಧಿಸುತ್ತಿರಬಹುದೆಂದು ಊಹಿಸಿದರು. ಆಗ ಅದನ್ನು ನಂಬಿದವರು ಕಡಿಮೆ.

ನಿರ್ಣಯವು ಆದುದು 1976ರಲ್ಲಿ. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿದ್ದ ಜಪಾನಿನ ವಿದ್ವಾಂಸ ಸುಸುಮು ಟೊನೆಗಾವನು, ಹೊಜುಮಿ ಎಂಬ ಸಹಾಯಕನೊಡನೆ, ಇಲಿಯ ಭ್ರೂಣದ ಡಿ.ಎನ್.ಎ.ಯನ್ನೂ ಪ್ರತಿಕಾಯವನ್ನು ಸುರಿಸುವ ಬೆಳೆದ ಕಣದ ಡಿ.ಎನ್.ಎ.ಯನ್ನೂ ತುಂಡರಿಸಿ ಹೋಲಿಸಿದನು. ಭ್ರೂಣದಲ್ಲಿ ಒಂದಕ್ಕೊಂದು ದೂರವಾಗಿದ್ದ ಎರಡು ತುಣುಕುಗಳು ಬೆಳೆದ ಕಣದಲ್ಲಿ ಹತ್ತಿರ ಬಂದು ಕೂಡಿಕೊಂಡಿದ್ದುವು. ದೇಹದ ಎಲ್ಲ ಕೋಶಗಳಲ್ಲಿಯೂ ಡಿ.ಎನ್.ಎ.ಯ ಪಾಠವೊಂದೇ ಎಂಬ ನಂಬಿಕೆಯು ಈ ಕಣಗಳ ಮಟ್ಟಿಗೆ ಮುರಿದುಬಿದ್ದಿತು. ಈ ಶೋಧಕ್ಕಾಗಿ ಟೊನೆಗಾವನಿಗೆ 1987ರಲ್ಲಿ ನೊಬೆಲ್ ಪಾರಿತೋಷಕವು ಸಂದಿತು.

ಈಗ ಪ್ರಕ್ರಿಯೆಯನ್ನು ನೋಡೋಣ. ಪ್ರತಿಕಾಯದ ಅಣುವಿನಲ್ಲಿ ಗುರುಸರಪಣಿ, ಲಘುಸರಪಣಿ ಎಂದು ಎರಡು ಬಗೆಯ ಸರಪಣಿಗಳುಂಟು. ಗುರುಸರಪಣಿಯನ್ನು ವಿಧಿಸುವ ಸ್ಥಾನವು ಮನುಷ್ಯನ ಹದಿನಾಲ್ಕನೆಯ ವರ್ಣತಂತುವಿನ ಕೊನೆಯಲ್ಲಿದೆ. ಅಲ್ಲಿ ಒಂದೇ ಸಿದ್ಧವಾದ ವಂಶವಾಹಿಯಿರದೆ ಮೂರು ಗಣಗಳಿವೆ. ಮೊದಲನೆಯದು ವಿ ಗಣ. ಅದರಲ್ಲಿ ನೂರಕ್ಕೂ ಮಿಕ್ಕು ತುಣುಕುಗಳಿದ್ದರೂ ಪ್ರಯೋಗಕ್ಕೆ ಬರತಕ್ಕವು ಸುಮಾರು ನಾಲ್ವತ್ತು. ಮಿಕ್ಕವು ಧಾತುಪಾಠದಲ್ಲಿ ಕಾಣುತ್ತ ಯಾವ ಕಾವ್ಯದಲ್ಲಿಯೂ ಪ್ರಯೋಗವಿಲ್ಲದ ಧಾತುಗಳಂತೆ ಸುಮ್ಮನೆ ಪರಂಪರೆಯಿಂದ ಬಂದಿರುವುವು. ಎರಡನೆಯದಾದ ಡಿ ಗಣದಲ್ಲಿ ಸುಮಾರು ಇಪ್ಪತ್ತಮೂರು, ಮೂರನೆಯದಾದ ಜೆ ಗಣದಲ್ಲಿ ಆರು ತುಣುಕುಗಳು. ಬಿ ಕಣವು ಹುಟ್ಟುವಾಗ ಮೊದಲು ಒಂದು ಡಿ ತುಣುಕನ್ನು ಒಂದು ಜೆ ತುಣುಕಿಗೆ ಕೂಡಿಸಿ, ಅನಂತರ ಅವುಗಳ ಮುಂದೆ ಒಂದು ವಿ ತುಣುಕನ್ನು ಸೇರಿಸಿ, ನಡುವಣದನ್ನೆಲ್ಲ ಕತ್ತರಿಸಿ ಹಾಕುವುದು. ಹೀಗೆ ಕೂಡುವ ರೀತಿಗಳು ನಾಲ್ವತ್ತು, ಇಪ್ಪತ್ತಮೂರು, ಆರು ಇವುಗಳ ಗುಣಲಬ್ಧವಾದ 5,520. ಲಘುಸರಪಣಿಗೆ ಎರಡನೆಯ ಮತ್ತು ಇಪ್ಪತ್ತೆರಡನೆಯ ವರ್ಣತಂತುಗಳಲ್ಲಿ ಬೇರೆ ಗಣಗಳಿದ್ದು ಅವುಗಳಿಂದ ಮುನ್ನೂರಕ್ಕೂ ಮಿಕ್ಕು ರೀತಿಗಳಾಗುವುದರಿಂದ, ಎರಡು ಸರಪಣಿಗಳೂ ಕೂಡಿದಾಗ ಹದಿನೇಳು ಲಕ್ಷದಷ್ಟು ರೂಪಗಳು ದೊರೆಯುವುವು. ಟಿ ಕಣಗಳ ಗ್ರಾಹಕಗಳಿಗೂ ಇದೇ ವಿಧಿ. ಅವುಗಳ ಗಣಗಳು ಏಳನೆಯ ಮತ್ತು ಹದಿನಾಲ್ಕನೆಯ ವರ್ಣತಂತುಗಳಲ್ಲಿವೆ.

ಈ ತುಣುಕುಗಳು ಇಷ್ಟಬಂದಂತೆ ಕೂಡುವುದಿಲ್ಲವೆಂಬುದನ್ನು ಇಲ್ಲಿ ಗಮನಿಸಬೇಕು. ಒಂದೊಂದು ತುಣುಕಿನ ಅಂಚಿನಲ್ಲಿಯೂ ಏಳು ಅಕ್ಷರಗಳ ಒಂದು ಸಂಕೇತ, ಒಂಬತ್ತು ಅಕ್ಷರಗಳ ಇನ್ನೊಂದು ಸಂಕೇತ, ಇವೆರಡರ ನಡುವೆ ಹನ್ನೆರಡು ಇಲ್ಲವೆ ಇಪ್ಪತ್ತಮೂರು ಅಕ್ಷರಗಳ ಅಂತರ ಇರುವುದು. ಹನ್ನೆರಡರ ಅಂತರವುಳ್ಳದ್ದು ಇಪ್ಪತ್ತಮೂರರ ಅಂತರವುಳ್ಳದ್ದರೊಡನೆಯೇ ಕೂಡಬೇಕೆಂಬುದು ನಿಯಮ. ಗುರುಸರಪಣಿಯ ವಿ ಮತ್ತು ಜೆ ತುಣುಕುಗಳೆರಡಕ್ಕೂ ಇಪ್ಪತ್ತಮೂರರ ಅಂತರವಿರುವುದರಿಂದ ಡಿ ತುಣುಕನ್ನು ಬಿಟ್ಟು ಅವು ನೇರವಾಗಿ ಸೇರಲಾರವು. ಪಾಣಿನಿಯ ಅನುಬಂಧಗಳು ಪ್ರಕ್ರಿಯೆಯನ್ನು ಸೂಚಿಸಿ ತಾವು ಲೋಪವಾಗುವಂತೆ, ಈ ಸಂಕೇತಾಕ್ಷರಗಳೂ ಕೂಡುವಿಕೆಯನ್ನು ನಡೆಯಿಸಿ ಸಿದ್ಧರೂಪದಲ್ಲಿ ಉಳಿಯದೆ ಹೋಗುವುವು. ಇವನ್ನು ಓದಿ ಕತ್ತರಿಸುವ ಪ್ರೋಟೀನುಗಳನ್ನು ವಿಧಿಸುವ ರಾಗ್ ಒಂದು, ರಾಗ್ ಎರಡು ಎಂಬ ವಂಶವಾಹಿಗಳು 1989-90ರಲ್ಲಿ ಕಂಡುಬಂದುವು. ಇವುಗಳಲ್ಲೊಂದು ಪೂರ್ಣವಾಗಿ ಕೆಟ್ಟು ಹುಟ್ಟಿದ ಶಿಶುವಿನಲ್ಲಿ ಬಿ ಕಣಗಳೂ ಇಲ್ಲ, ಟಿ ಕಣಗಳೂ ಇಲ್ಲ; ಚಿಕಿತ್ಸೆಯಾಗದಿದ್ದರೆ ಸಾಮಾನ್ಯವಾದ ಸೋಂಕುಗಳೇ ಅದಕ್ಕೆ ಪ್ರಾಣಾಂತಿಕವಾಗುವುವು.

ಹದಿನೇಳು ಲಕ್ಷವೆಲ್ಲಿ, ಹತ್ತು ಸಾವಿರ ಕೋಟಿಯೆಲ್ಲಿ? ಈ ಅಂತರವನ್ನು ತುಂಬುವುದು ಸಂಧಿಕಾರ್ಯ. ಕನ್ನಡದಲ್ಲಿ ಸಂಧಿಯಾಗುವಾಗ ಲೋಪ, ಆಗಮ, ಆದೇಶಗಳೆಂಬ ಮೂರು ಕಾರ್ಯಗಳನ್ನು ನಾವು ಮಕ್ಕಳಿಗೆ ಕಲಿಸುವೆವಷ್ಟೆ: ‘ಊರಲ್ಲಿ’ ಎಂಬಲ್ಲಿ ಉಕಾರದ ಲೋಪ, ‘ಮನೆಯನ್ನು’ ಎಂಬಲ್ಲಿ ಯಕಾರದ ಆಗಮ, ‘ಮಳೆಗಾಲ’ ಎಂಬಲ್ಲಿ ಕಕಾರಕ್ಕೆ ಗಕಾರದ ಆದೇಶ. ತುಣುಕುಗಳು ಕೂಡುವ ಎಡೆಯಲ್ಲಿಯೂ ಅಂಚಿನ ಕೆಲವು ಅಕ್ಷರಗಳು ಸವೆದುಹೋಗುವುವು, ಇದು ಲೋಪ. ಟಿ.ಡಿ.ಟಿ. ಎಂದು ಸಂಕ್ಷೇಪವಾಗಿ ಕರೆಯುವ ಕಿಣ್ವವೊಂದು ಯಾವ ಮಾತೃಕೆಯನ್ನೂ ನೋಡದೆ ಹೊಸ ಅಕ್ಷರಗಳನ್ನು ತಂದು ಸೇರಿಸುವುದು, ಇದು ಆಗಮ. ಇನ್ನು ಬಿ ಕಣವು ಶತ್ರುವನ್ನು ಎದುರಿಸಿ ವೃದ್ಧಿಯಾಗುವಾಗ ಅದರ ಗ್ರಾಹಕದ ಪಾಠದಲ್ಲಿ ಅಲ್ಲಲ್ಲಿ ಒಂದು ಅಕ್ಷರದ ಸ್ಥಾನದಲ್ಲಿ ಇನ್ನೊಂದು ಬರುವುದು, ಇದು ಆದೇಶ. ಈ ಮೂರನೆಯದನ್ನು ನಡೆಯಿಸುವ ಕಿಣ್ವವನ್ನು ಜಪಾನಿನ ತಸುಕು ಹೊಂಜೋ ಎಂಬವರ ಮಂಡಲಿಯು 1999ರಲ್ಲಿ ಪ್ರಕಟಿಸಿತು. ಆದರೆ ಹೋಲಿಕೆಯನ್ನು ಇಲ್ಲಿಗೆ ನಿಲ್ಲಿಸಬೇಕು. ನಮ್ಮ ಸಂಧಿಯು ನಿಯತವಾದುದು; ಯಕಾರವು ಬರತಕ್ಕಲ್ಲಿಯೇ ಬರುವುದು. ಕಣದೊಳಗಿನ ಆಗಮವಾದರೋ ಯದೃಚ್ಛೆ. ಅದರ ಫಲವಾಗಿ ಮೂರರಲ್ಲಿ ಸುಮಾರು ಎರಡು ಸಲ ಪಾಠವೇ ಕೆಟ್ಟು ಅರ್ಥಹೀನವಾಗುವುದು, ಏಕೆಂದರೆ ಡಿ.ಎನ್.ಎ.ಯನ್ನು ಮೂರು ಮೂರು ಅಕ್ಷರಗಳಾಗಿ ಗಣವಿಂಗಡಿಸಿ ಓದಬೇಕು, ಗಣಭಂಗವಾದರೆ ಮುಂದಿನದೆಲ್ಲವೂ ಅಪಾರ್ಥ. ಇಷ್ಟು ವ್ಯರ್ಥವ್ಯಯವನ್ನು ಸಹಿಸಿಕೊಂಡು ದೇಹವು ಈ ವೈವಿಧ್ಯವನ್ನು ಪಡೆಯುತ್ತದೆ.

ಹೀಗಿರಲು ಒಂದು ಶಂಕೆ ಏಳುವುದು. ಸಂಧಿಯಲ್ಲಿ ನಡೆಯುವುದೆಲ್ಲ ಯದೃಚ್ಛೆಯಾದರೆ ತಂದೆತಾಯಿಗಳಿಂದ ಬಂದುದಕ್ಕೆ ಇಲ್ಲಿ ಬೆಲೆಯೇನು? ಬಹುಕಾಲ ವಿದ್ವಾಂಸರೂ ‘ಹೆಚ್ಚೇನೂ ಇಲ್ಲ’ ಎಂಬಂತೆಯೇ ನಡೆದುಕೊಂಡರು. ಸಮಾಧಾನಕ್ಕೆ ಒದಗಿದವರು ಅವಳಿಗಳು. ಒಂದೇ ಅಂಡದಿಂದ ಹುಟ್ಟಿದ ಅವಳಿಗಳ ಬಿ ಕಣಗಳನ್ನು ಪರೀಕ್ಷಿಸಿ 2011ರಿಂದೀಚೆಗೆ ಪ್ರಕಟವಾದ ಲೇಖನಗಳಿಂದ ತಿಳಿಯುವುದೇನೆಂದರೆ: ಇಬ್ಬರ ಸಿದ್ಧಗ್ರಾಹಕಗಳನ್ನು ಅಕ್ಷರಶಃ ಹೋಲಿಸಿದರೆ ಬಹುಮಟ್ಟಿಗೆ ಬೇರೆ ಬೇರೆ, ಆದರೆ ಯಾವ ವಿ ತುಣುಕನ್ನು ಎಷ್ಟು ಸಲ ಬಳಸಿಕೊಂಡಿವೆ ಎಂಬ ಪ್ರಮಾಣವನ್ನು ನೋಡಿದರೆ ಇಬ್ಬರಲ್ಲಿಯೂ ಆಶ್ಚರ್ಯಕರವಾದ ಸಾಮ್ಯ. ಒಂದೇ ಗುರುಕುಲದಲ್ಲಿ ಓದಿದ ಇಬ್ಬರು ಕವಿಗಳ ಪದ್ಯಗಳು ಬೇರೆಯಾಗಿದ್ದರೂ ಅವರ ಶಬ್ದಭಂಡಾರವು ಒಂದೇ ಎಂದಂತಾಯಿತು. ಆನುವಂಶಿಕವಾದುದೇ ಎಲ್ಲವೂ ಎಂದು ಇದರಿಂದ ತಿಳಿಯಬಾರದು. 2015ರಲ್ಲಿ 210 ಮಂದಿ ಅವಳಿಗಳಲ್ಲಿ ನಿರೋಧಕ ವ್ಯವಸ್ಥೆಯ ನಾನಾ ಅಂಶಗಳನ್ನು ಅಳೆದವರು, ಅವುಗಳಲ್ಲಿ ಹೆಚ್ಚಿನವುಗಳ ಏರಿಳಿತಕ್ಕೆ ಸೋಂಕು ಮೊದಲಾದ ಆಗಂತುಕ ಕಾರಣಗಳೇ ಪ್ರಧಾನವೆಂದು ಕಂಡರು. ಆದರೆ ಗ್ರಾಹಕದ ಮೊದಲ ಸಾಮಗ್ರಿಯು ಮಾತ್ರ ವಂಶದಿಂದ ಬರುವುದು. ಆ ಸಾಮಗ್ರಿಯು ಎಲ್ಲರಲ್ಲಿಯೂ ಒಂದೇ ಅಲ್ಲ.

ಇದೇ ಪ್ರಕೃತ ವಿಷಯದ ಮರ್ಮ. ವಿ ತುಣುಕುಗಳಲ್ಲಿ ಪಾಠಾಂತರಗಳುಂಟು. ಒಬ್ಬರಲ್ಲಿ ಒಂದು ಅಕ್ಷರ ಬೇರೆ. ಇನ್ನೊಬ್ಬರಲ್ಲಿ ಒಂದು ತುಣುಕು ಸಮೂಲವಾಗಿ ಇಲ್ಲ. ಮತ್ತೊಬ್ಬರಲ್ಲಿ ಅದೇ ತುಣುಕು ಎರಡು ಸಲ ಬರೆದಿದೆ. 2023ರಲ್ಲಿ 154 ಮಂದಿಯ ಗುರುಸರಪಣಿಯ ಸ್ಥಾನವನ್ನು ಓದಿ, ಅದನ್ನು ಅವರವರ ಪ್ರತಿಕಾಯಗಳೊಡನೆ ತಾಳೆನೋಡಿದವರು, ಬಹುಪಾಲು ತುಣುಕುಗಳ ಬಳಕೆಯ ಪ್ರಮಾಣವು ಈ ಪಾಠಾಂತರಗಳನ್ನು ಅನುಸರಿಸಿ ವ್ಯತ್ಯಾಸಗೊಳ್ಳುವುದೆಂದು ತೋರಿಸಿದರು. ಪಾಠಾಂತರವು ಯಾವಾಗಲೂ ಅರ್ಥಭೇದವನ್ನುಂಟುಮಾಡುವುದಿಲ್ಲವೆಂಬುದು ಸಂಪಾದಕರಿಗೆಲ್ಲ ಗೊತ್ತು. ಇಲ್ಲಿ ಅರ್ಥಭೇದವಾದ ಉದಾಹರಣೆಗಳನ್ನು ಹೇಳುತ್ತೇನೆ.

ಅಮೆರಿಕದ ಮೂಲನಿವಾಸಿಗಳಾದ ನವಾಹೋ ಜನರ ಮಕ್ಕಳಲ್ಲಿ, ಲಸಿಕೆಯು ಬರುವುದಕ್ಕೆ ಮೊದಲು, ಹಿಮೋಫಿಲಸ್ ಇನ್‌ಫ್ಲುಯೆಂಜೆ ಬಿ ಎಂಬ ಬ್ಯಾಕ್ಟೀರಿಯದಿಂದಾಗುವ ರೋಗವು ಇತರರಲ್ಲಿರುವುದಕ್ಕಿಂತ ಬಹಳ ಹೆಚ್ಚಾಗಿದ್ದಿತು. ಆ ಬ್ಯಾಕ್ಟೀರಿಯಕ್ಕೆ ಹೊಂದುವ ಪ್ರತಿಕಾಯಗಳು ಹೆಚ್ಚಾಗಿ ಲಘುಸರಪಣಿಯ ಒಂದು ನಿರ್ದಿಷ್ಟ ವಿ ತುಣುಕಿನಿಂದ ಹುಟ್ಟತಕ್ಕವು. ನವಾಹೋ ಜನರಲ್ಲಿ ಆ ತುಣುಕಿನ ಒಂದು ಪಾಠಾಂತರವಿದ್ದು, ಅದರ ಅಂಚಿನ ಸಂಕೇತದ ಒಂದು ಅಕ್ಷರವು ಪಲ್ಲಟವಾಗಿರುವುದರಿಂದ ಆ ತುಣುಕು ಕೂಡುವುದೇ ಅಪರೂಪವೆಂದು 1996ರಲ್ಲಿ ಪ್ರಕಟವಾಯಿತು. ರೋಗದ ಹೆಚ್ಚಳಕ್ಕೆ ಇದು ಕಾರಣಗಳಲ್ಲೊಂದಾಗಿರಬಹುದೆಂದೇ ಅವರು ಹೇಳಿದರು, ಇದೊಂದೇ ಎಂದಲ್ಲ. ಶಬ್ದವು ಶುದ್ಧವಾಗಿದ್ದರೂ ಅನುಬಂಧವು ಕೆಟ್ಟುದರಿಂದ ಪ್ರಕ್ರಿಯೆಗೇ ಬಾರದೆ ಹೋಯಿತೆಂಬುದು ವೈಯಾಕರಣನಿಗೆ ಸ್ವಾರಸ್ಯವಾಗಿ ತೋರುವ ಅಂಶ.

ಎರಡನೆಯ ಉದಾಹರಣೆಯು ಇನ್ನೂ ಸ್ಪಷ್ಟ. ಏಡ್ಸ್ ರೋಗದ ವೈರಸ್ಸಿನ ನಾನಾ ಬಗೆಗಳನ್ನು ಒಟ್ಟಿಗೆ ತಡೆಯಬಲ್ಲ ವಿ.ಆರ್.ಸಿ. 01 ಎಂಬ ಪ್ರತಿಕಾಯವು 2010ರಲ್ಲಿ ವರ್ಣಿತವಾಯಿತು. ಈ ವರ್ಗದ ಪ್ರತಿಕಾಯಗಳು ಗುರುಸರಪಣಿಯ 1-2 ಎಂಬ ವಿ ತುಣುಕಿನಿಂದ ಮಾತ್ರ ಹುಟ್ಟುವುವು. ಅದರಲ್ಲಿಯೂ ಐವತ್ತನೆಯ ಸ್ಥಾನದಲ್ಲಿ ಟ್ರಿಪ್ಟೊಫ್ಯಾನ್ ಎಂಬ ಅಮೈನೋ ಆಮ್ಲವಿರುವ ಪಾಠವೇ ಬೇಕು. ಕೆಲವು ಪಾಠಾಂತರಗಳಲ್ಲಿ ಡಿ.ಎನ್.ಎ.ಯ ಒಂದೇ ಅಕ್ಷರವು ಬದಲಾಗಿ ಆ ಸ್ಥಾನದಲ್ಲಿ ಆರ್ಜಿನೀನ್ ಬಂದಿದೆ. ಈ ವರ್ಗದ ಪ್ರತಿಕಾಯವನ್ನು ಮುಂದೆ ಹುಟ್ಟಿಸಬಲ್ಲ ಕಣಗಳನ್ನು ಎಚ್ಚರಿಸುವುದಕ್ಕೆಂದು ರಚಿಸಿದ ಲಸಿಕೆಯೊಂದನ್ನು ಅಮೆರಿಕದಲ್ಲಿ 36 ಮಂದಿಗೆ ಕೊಟ್ಟು ನೋಡಿದರು. ಅದರ ಫಲವು 2022ರಲ್ಲಿ ಪ್ರಕಟವಾಯಿತು: 35 ಮಂದಿಯಲ್ಲಿ ಬೇಕಾದ ಕಣಗಳು ಎಚ್ಚೆತ್ತಿದ್ದುವು, ಒಬ್ಬರಲ್ಲಿ ಇಲ್ಲ. ಆ ಒಬ್ಬರ ವಂಶವಾಹಿಗಳನ್ನು ಓದಿದಾಗ ತಂದೆಯ ಪಾಲಿನಲ್ಲಿಯೂ ತಾಯಿಯ ಪಾಲಿನಲ್ಲಿಯೂ ಆರ್ಜಿನೀನಿನ ಪಾಠವೇ ಇದ್ದುದು ಕಂಡುಬಂದಿತು. ಲಸಿಕೆಯಲ್ಲಿ ದೋಷವಿಲ್ಲ, ತೆಗೆದುಕೊಂಡವರ ಆರೋಗ್ಯದಲ್ಲಿಯೂ ದೋಷವಿಲ್ಲ. ಕರೆದ ಶಬ್ದವು ಆ ಕೋಶದಲ್ಲಿ ಇರಲೇ ಇಲ್ಲ. ಈ ಪಾಠಾಂತರಗಳು ಎಲ್ಲ ಜನಸಮೂಹಗಳಲ್ಲಿಯೂ ಒಂದೇ ಪ್ರಮಾಣದಲ್ಲಿಲ್ಲವಾದುದರಿಂದ, ಒಂದು ದೇಶದಲ್ಲಿ 36ರಲ್ಲಿ ಒಬ್ಬರಿಗೆ ತಟ್ಟಿದ ಕೊರತೆಯು ಇನ್ನೊಂದು ದೇಶದಲ್ಲಿ ಎಷ್ಟು ಮಂದಿಗೆ ತಟ್ಟುವುದೆಂಬುದನ್ನು ಅಲ್ಲಿಯ ಪಾಠಗಳನ್ನು ಓದಿಯೇ ತಿಳಿಯಬೇಕು.

ಟಿ ಕಣಗಳ ವಿಷಯದಲ್ಲಿ ಇನ್ನೊಂದು ಆನುವಂಶಿಕ ಪ್ರಭಾವವೂ ಸೇರುವುದು. ಟಿ ಕಣವು ಶತ್ರುವನ್ನು ನೇರವಾಗಿ ಕಾಣದೆ, ನಮ್ಮ ಕೋಶಗಳ ಮೇಲಿರುವ ಎಚ್.ಎಲ್.ಎ. ಎಂಬ ಪ್ರೋಟೀನುಗಳು ಹಿಡಿದು ತೋರಿಸಿದ ತುಂಡನ್ನು ಮಾತ್ರ ಕಾಣುವುದು; ಇದನ್ನು ಇಲಿಗಳಲ್ಲಿ 1974ರಲ್ಲಿ ತೋರಿಸಿದ ಡೊಹರ್ಟಿ ಮತ್ತು ಜಿಂಕರ್‌ನಾಗೆಲ್ ಎಂಬವರು 1996ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದರು. ಆರನೆಯ ವರ್ಣತಂತುವಿನಲ್ಲಿರುವ ಈ ಎಚ್.ಎಲ್.ಎ. ವಂಶವಾಹಿಗಳಿಗೆ ಈವರೆಗೆ ನಲವತ್ತು ಸಾವಿರಕ್ಕೂ ಮಿಕ್ಕ ಪಾಠಾಂತರಗಳು ದಾಖಲಾಗಿವೆ. ಥೈಮಸ್ ಗ್ರಂಥಿಯಲ್ಲಿ ಟಿ ಕಣಗಳನ್ನು ಪರೀಕ್ಷಿಸಿ ಬಹುಪಾಲನ್ನು ಕಳೆದುಬಿಡುವ ಕಾರ್ಯವು ಈ ಎಚ್.ಎಲ್.ಎ.ಯ ಆಧಾರದಿಂದಲೇ ನಡೆಯುವುದರಿಂದ, ಯಾವ ವಿ ತುಣುಕಿನ ಗ್ರಾಹಕಗಳು ಹೆಚ್ಚಾಗಿ ಉಳಿಯುವುವೆಂಬುದೂ ಅವರವರ ಎಚ್.ಎಲ್.ಎ. ಪಾಠವನ್ನು ಅವಲಂಬಿಸಿರುವುದು. ಇದು 2016ರಲ್ಲಿ ಅಂಕಿಗಳಿಂದ ಸಮರ್ಥಿತವಾಯಿತು.

ಇನ್ನು ಮೇಲೆ ಹೇಳಿದ ಸಂಪಾದಕರ ತೊಡಕಿಗೆ ಬರುತ್ತೇನೆ. ಪಾಠಾಂತರವೆನ್ನಬೇಕಾದರೆ ಯಾವುದೋ ಒಂದು ಪಾಠವನ್ನು ಆಧಾರವಾಗಿ ಇಟ್ಟುಕೊಂಡಿರಬೇಕಷ್ಟೆ. ಗುರುಸರಪಣಿಯ ವಿ ಗಣದ ಪೂರ್ಣಪಾಠವು ಜಪಾನಿನಲ್ಲಿ 1998ರಲ್ಲಿ ಸಿದ್ಧವಾಯಿತು. ಅದು ಮಹತ್ಕಾರ್ಯವೇ, ಆದರೆ ಅದು ಬೇರೆ ಬೇರೆ ವ್ಯಕ್ತಿಗಳ ತುಣುಕುಗಳನ್ನು ಜೋಡಿಸಿದ ಮಿಶ್ರಪಾಠ. ಅಂಥ ಪ್ರತಿಯು ಯಾವ ಒಬ್ಬ ಮನುಷ್ಯನಲ್ಲಿಯೂ ಎಂದೂ ಇದ್ದುದಲ್ಲ; ನಾಲ್ಕು ಓಲೆಪ್ರತಿಗಳ ಗರಿಗಳನ್ನು ಸೇರಿಸಿ ಹೊಲಿದ ಕಟ್ಟಿನಂಥದು. ಶುದ್ಧವಾದ ಏಕಪ್ರತಿಯ ಪಾಠವು ದೊರೆತುದು 2013ರಲ್ಲಿ. ತಂದೆಯ ಪಾಲು ಮಾತ್ರವಿದ್ದು ತಾಯಿಯ ಪಾಲು ಇಲ್ಲದೆ, ಶಿಶುವಾಗದೆ ಕೆಟ್ಟ ಒಂದು ಗರ್ಭದಿಂದ ಪಡೆದ ಜೀವಕೋಶಗಳನ್ನು ಅದಕ್ಕೆ ಬಳಸಿಕೊಂಡರು. ಎರಡು ಪ್ರತಿಗಳ ಬೆರಕೆಗೆ ಅಲ್ಲಿ ಅವಕಾಶವೇ ಇರಲಿಲ್ಲ. ಓದಿನೋಡಿದರೆ ಮೊದಲಿನ ಪಾಠದಲ್ಲಿ ಇಲ್ಲದ, ಪ್ರಯೋಗಯೋಗ್ಯವಾದ ವಿ ತುಣುಕುಗಳೂ ಅದರಲ್ಲಿದ್ದುವು. ಪುಣೆಯ ಭಂಡಾರಕರ ಸಂಶೋಧನ ಮಂದಿರದವರು 1919ರಲ್ಲಿ ಆರಂಭಿಸಿ 1966ರವರೆಗೆ ಮಹಾಭಾರತದ ಪ್ರತಿಗಳನ್ನು ತಾಳೆನೋಡಿದ ಶ್ರಮವನ್ನು ಬಲ್ಲವರಿಗೆ, ಒಂದೆರಡು ಪ್ರತಿಗಳಿಂದ ನಿರ್ಣಯಕ್ಕೆ ಬರುವುದು ಎಷ್ಟು ಅಪಾಯಕರವೆಂದು ವಿವರಿಸಬೇಕಾದುದಿಲ್ಲ.

ಇದಲ್ಲದೆ ಪ್ರತಿಗಳಲ್ಲಿಯೇ ಒಂದು ವಿಚಿತ್ರ ದೋಷವುಂಟು. 2015ರಲ್ಲಿ ಪೂರ್ಣಗೊಂಡ ‘ಸಾವಿರ ಜೀನೋಮ್’ ಯೋಜನೆಯಲ್ಲಿ 26 ಜನಸಮೂಹಗಳ 2,504 ಮಂದಿಯ ಡಿ.ಎನ್.ಎ.ಯನ್ನು ಓದಿದರು. ಆ ಡಿ.ಎನ್.ಎ.ಯು ಬಹುಮಟ್ಟಿಗೆ ಪ್ರಯೋಗಶಾಲೆಯಲ್ಲಿ ಬೆಳೆಯಿಸಿದ ಬಿ ಕಣಗಳಿಂದ ತೆಗೆದುದು. ಬಿ ಕಣವೆಂದರೆ ತನ್ನ ವಿ, ಡಿ, ಜೆ ತುಣುಕುಗಳನ್ನು ಆಗಲೇ ಕತ್ತರಿಸಿ ಕೂಡಿಸಿಕೊಂಡು, ಮಿಕ್ಕುದನ್ನು ಬಿಸಾಡಿದ ಕಣ! ಯಾವ ಗರಿಗಳನ್ನು ನಾವು ಓದಬೇಕೋ ಅವುಗಳನ್ನೇ ಕಿತ್ತುಹಾಕಿದ ಕಟ್ಟನ್ನು ಮೂಲಪ್ರತಿಯೆಂದು ಓದಿದಂತಾಯಿತು. ಮೇಲಾಗಿ ಈ ಸ್ಥಾನಗಳಲ್ಲಿ ಒಂದನ್ನೊಂದು ಹೋಲುವ ತುಣುಕುಗಳು ಸಾಲಾಗಿ ಇರುವುದರಿಂದ, ನೂರಿನ್ನೂರು ಅಕ್ಷರಗಳ ಚಿಕ್ಕ ಚಿಕ್ಕ ಚೂರುಗಳಾಗಿ ಓದುವ ಕ್ರಮದಲ್ಲಿ ಯಾವ ಚೂರು ಯಾವ ತುಣುಕಿಗೆ ಸೇರಿದ್ದೆಂಬುದೇ ನಿಶ್ಚಯವಾಗದು. ಸಾವಿರಾರು ಅಕ್ಷರಗಳನ್ನು ಒಂದೇ ಸಮನೆ ಓದುವ ದೀರ್ಘಪಠನವೇ ಬೇಕು.

ಇನ್ನೊಂದು ಮಾರ್ಗವೂ ಉಂಟು. ಸಿದ್ಧವಾದ ಗ್ರಾಹಕಗಳನ್ನು ಲಕ್ಷಗಟ್ಟಲೆ ಓದಿ, ಅವುಗಳಲ್ಲಿ ಮತ್ತೆ ಮತ್ತೆ ಸಮಾನವಾಗಿ ಕಾಣುವ ಅಕ್ಷರಗಳಿಂದ ಮೂಲದ ವಿ ತುಣುಕಿನ ಪಾಠವನ್ನು ಅನುಮಾನಿಸುವುದು. ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಲಕ್ಷ್ಯವಾಗಿ ಎತ್ತಿಕೊಂಡ ಪದ್ಯಗಳಿಂದ, ಅವನ ತಂದೆ ಮಲ್ಲಿಕಾರ್ಜುನನು ಸೂಕ್ತಿಸುಧಾರ್ಣವದಲ್ಲಿ ಸಂಕಲಿಸಿದ ಪದ್ಯಗಳಿಂದ, ನಾವು ನಷ್ಟವಾದ ಕಾವ್ಯಗಳನ್ನು ಊಹಿಸುವುದಿಲ್ಲವೆ? ಇಂಥ ಅನುಮಾನಸಿದ್ಧವಾದ ಪಾಠಗಳು ಹಲವು ಈಗ ದಾಖಲೆಗಳಲ್ಲಿ ಸೇರಿವೆ. ಫ್ರಾನ್ಸಿನ ಮೊಂಪೆಲಿಯೆ ನಗರದಲ್ಲಿ 1989ರಲ್ಲಿ ಮಾರಿ-ಪೋಲ್ ಲೆಫ್ರಾಂಕ್ ಎಂಬ ವಿದುಷಿಯು ಆರಂಭಿಸಿದ ಕೋಶವು ಪಾಠಾಂತರಗಳಿಗೆ ಒಂದು, ಎರಡು ಎಂದು ಕ್ರಮಸಂಖ್ಯೆಗಳನ್ನು ಕೊಡುವ ಪದ್ಧತಿಯನ್ನು ರೂಢಿಗೆ ತಂದಿತು. ಸಂಖ್ಯೆಯು ಕಂಡುಬಂದ ಕ್ರಮವನ್ನು ಹೇಳುವುದೇ ಹೊರತು ಯೋಗ್ಯತೆಯನ್ನಲ್ಲ. ಒಂದನೆಯದು ‘ಶುದ್ಧ’, ಆರನೆಯದು ‘ಅಪಪಾಠ’ ಎಂದು ಗ್ರಹಿಸುವುದು ತಪ್ಪು. ಈ ತಪ್ಪನ್ನು ನಮ್ಮವರೂ ಗ್ರಂಥಗಳ ವಿಷಯದಲ್ಲಿ ಮಾಡಿದ್ದುಂಟು.

ನಮ್ಮ ದೇಶದ ಸ್ಥಿತಿಯೇನು? ಸಾವಿರ ಜೀನೋಮ್ ಯೋಜನೆಯಲ್ಲಿ ದಕ್ಷಿಣ ಏಷ್ಯದ ಸಮೂಹಗಳು ಐದು: ಲಾಹೋರಿನ ಪಂಜಾಬಿಗಳು, ಬಾಂಗ್ಲಾದೇಶದ ಬಂಗಾಳಿಗಳು, ಅಮೆರಿಕದ ಹ್ಯೂಸ್ಟನ್ ನಗರದ ಗುಜರಾತಿಗಳು, ಬ್ರಿಟನ್ನಿನಲ್ಲಿ ನೆಲೆಸಿದ ತೆಲುಗರು ಮತ್ತು ಶ್ರೀಲಂಕೆಯ ತಮಿಳರು. ಭಾರತದ ನೆಲದಲ್ಲಿ ಸಂಗ್ರಹಿಸಿದ ಪ್ರತಿಯು ಅವುಗಳಲ್ಲಿ ಒಂದೂ ಇಲ್ಲ. ಕನ್ನಡಿಗರದೆಂಬ ಸಮೂಹವಂತೂ ಇಲ್ಲವೇ ಇಲ್ಲ. ಈ ಕೊರತೆಯನ್ನು ನೀಗಲು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನ ಕೇಂದ್ರದ ನೇತೃತ್ವದಲ್ಲಿ ‘ಜೀನೋಮ್ ಇಂಡಿಯಾ’ ಎಂಬ ಯೋಜನೆಯು ನಡೆದು, ದೇಶದ ಎಂಬತ್ತಕ್ಕೂ ಮಿಕ್ಕ ಸಮೂಹಗಳ ಸುಮಾರು 10,000 ಮಂದಿಯ ಪಾಠಗಳು 2025ರ ಜನವರಿಯಲ್ಲಿ ಸಂಶೋಧಕರ ಉಪಯೋಗಕ್ಕೆ ಬಿಡುಗಡೆಯಾದುವು. ಗ್ರಾಹಕಗಳ ಸ್ಥಾನಗಳಿಗೆ ಇಷ್ಟು ಸಾಲದು. ಆ ಸ್ಥಾನಗಳನ್ನು ದೀರ್ಘಪಠನದಿಂದಲೂ, ಬಿ ಕಣವಲ್ಲದ ಕೋಶದಿಂದ ತೆಗೆದ ಡಿ.ಎನ್.ಎ.ಯಿಂದಲೂ ಪ್ರತ್ಯೇಕವಾಗಿ ಓದಿ, ಅದೇ ವ್ಯಕ್ತಿಯ ಸಿದ್ಧಗ್ರಾಹಕಗಳೊಡನೆ ತಾಳೆನೋಡಬೇಕು. 1-2 ಎಂಬ ಆ ಒಂದು ತುಣುಕಿನ ಐವತ್ತನೆಯ ಸ್ಥಾನದಲ್ಲಿ ಟ್ರಿಪ್ಟೊಫ್ಯಾನ್ ಇರುವವರು ನಮ್ಮಲ್ಲಿ ಎಷ್ಟು ಮಂದಿ, ಎರಡು ಪಾಲಿನಲ್ಲಿಯೂ ಆರ್ಜಿನೀನೇ ಇರುವವರು ಎಷ್ಟು ಮಂದಿ ಎಂಬ ಪಟ್ಟಿಯೊಂದನ್ನು ಸಮೂಹಸಮೂಹವಾಗಿ ಸಿದ್ಧಪಡಿಸುವುದು ಆ ಕೆಲಸದ ಮೊದಲ ಹೆಜ್ಜೆಯಾಗಬಹುದು.